ಅರ್ಧ ಮೀಟರಿನ ಲೆಕ್ಕ: ನೆರೆ, ರಾಡಾರ್ ಮತ್ತು ವಿಮೆ

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದಿಂದ)

ಪ್ರಥಮ ಪಿಯುಸಿಯಲ್ಲಿ ವಾಣಿಜ್ಯ ಓದಿದವರಿಗೆಲ್ಲ ವಿಮೆಯ ಪಾಠ ನೆನಪಿರುತ್ತದೆ. ತತ್ವಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದಿದ್ದೇವೆ. ಕೆಲವರಿಗೆ ಆಗುವ ನಷ್ಟವನ್ನು ಹಲವರು ಹಂಚಿಕೊಳ್ಳುವುದೇ ವಿಮೆ ಎಂಬುದು ಆ ಪಾಠದ ಸಾರ. ರಾಡಾರ್ ಎಂದರೆ ವಿಜ್ಞಾನ ವಿಭಾಗದವರ ವಿಷಯ, ನಮಗೂ ಅದಕ್ಕೂ ಸಂಬಂಧವಿಲ್ಲ ಎಂದುಕೊಂಡಿರುತ್ತೇವೆ. ಬ್ರಿಟನ್ನಿನಲ್ಲಿ ಈ ಎರಡೂ ಒಂದೇ ಕಡೆ ಸೇರಿದ ಒಂದು ಉದಾಹರಣೆ ಇದೆ. 2002 ಮತ್ತು 2003ರಲ್ಲಿ ರಾಡಾರ್ ಹೊತ್ತ ವಿಮಾನಗಳು ಆ ದೇಶದ ಮೇಲೆ ಸಾಲುಸಾಲಾಗಿ ಹಾರಾಡಿ ನೆಲದ ಎತ್ತರವನ್ನು ಅಳೆದವು. ಕೆಲಸ ಮಾಡಿದ್ದು ಕೆನಡಾ ಮೂಲದ ಇಂಟರ್‌ಮ್ಯಾಪ್ ಎಂಬ ಕಂಪನಿ. ಅದರ ಬೆನ್ನಿಗೆ ನಿಂತ ದೊಡ್ಡ ಗಿರಾಕಿ ನಾರ್ವಿಚ್ ಯೂನಿಯನ್, ಅಂದರೆ ಈಗ ಅವೀವಾ ಎಂಬ ಹೆಸರಿನಲ್ಲಿರುವ ವಿಮಾ ಕಂಪನಿ.

ವಿಮಾ ಕಂಪನಿಗೆ ನೆಲದ ಎತ್ತರ ಯಾಕೆ ಬೇಕಾಯಿತು? ಆ ಎತ್ತರ ಗೊತ್ತಾದ ಮೇಲೆ ಯಾರಿಗೆ ಲಾಭವಾಯಿತು, ಯಾರಿಗೆ ಹೊರೆಯಾಯಿತು? ಈ ಲೇಖನದಲ್ಲಿ ಅದನ್ನೇ ಹಂತ ಹಂತವಾಗಿ ನೋಡೋಣ.

2000ನೇ ಇಸವಿಯ ಮಳೆ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಳೆಯ ದಾಖಲೆಗಳು 1766ರಿಂದ ಇವೆ. ಆ ದಾಖಲೆಗಳಲ್ಲೇ ಅತಿ ಹೆಚ್ಚು ಮಳೆಯಾದ ಶರತ್ಕಾಲ 2000ನೇ ಇಸವಿಯದು. ಯಾರ್ಕ್ ನಗರದಲ್ಲಿ ಔಸ್ ನದಿ ನವೆಂಬರ್‌ನಲ್ಲಿ ಸಾಮಾನ್ಯ ಮಟ್ಟಕ್ಕಿಂತ ಸುಮಾರು 5.4 ಮೀಟರ್ ಮೇಲೇರಿತು. ದೇಶದಲ್ಲಿ ಸುಮಾರು 10,000 ಮನೆ ಮತ್ತು ಕಟ್ಟಡಗಳಿಗೆ ನೀರು ನುಗ್ಗಿತು. ನಷ್ಟ ಸುಮಾರು 100 ಕೋಟಿ ಪೌಂಡ್.

ಬ್ರಿಟನ್ನಿನಲ್ಲಿ ಮನೆ ವಿಮೆ ಸಾಮಾನ್ಯ ಸಂಗತಿ. ಬ್ಯಾಂಕಿನಿಂದ ಮನೆ ಸಾಲ ಬೇಕೆಂದರೆ ಕಟ್ಟಡಕ್ಕೆ ವಿಮೆ ಇರಬೇಕು. ಆ ವಿಮೆಯಲ್ಲಿ ಪ್ರವಾಹವೂ ಸೇರಿರುತ್ತದೆ. ಹಾಗಾಗಿ ಇಂಥ ವರ್ಷದಲ್ಲಿ ದೊಡ್ಡ ಮೊತ್ತದ ಬಿಲ್ ನೇರವಾಗಿ ವಿಮಾ ಕಂಪನಿಗಳ ಮೇಜಿಗೆ ಬರುತ್ತದೆ. ಯಾವ ಮನೆಗೆ ಎಷ್ಟು ಅಪಾಯ ಎಂದು ಸರಿಯಾಗಿ ತಿಳಿಯದೆ ಪ್ರೀಮಿಯಂ ನಿಗದಿ ಮಾಡುವುದು ಅವರಿಗೆ ದುಬಾರಿಯಾಗತೊಡಗಿತು.

ಅಲ್ಲಿಯವರೆಗೆ ಅಪಾಯವನ್ನು ಅಂದಾಜಿಸುತ್ತಿದ್ದದ್ದು ಹೆಚ್ಚಾಗಿ ಪೋಸ್ಟ್‌ಕೋಡ್ ನೋಡಿ. ನಮ್ಮ ಪಿನ್‌ಕೋಡ್ ಒಂದು ಇಡೀ ಬಡಾವಣೆಗೆ ಅಥವಾ ಹತ್ತಾರು ಹಳ್ಳಿಗಳಿಗೆ ಇದ್ದರೆ, ಬ್ರಿಟನ್ನಿನ ಪೋಸ್ಟ್‌ಕೋಡ್ ಸರಾಸರಿ 15 ವಿಳಾಸಗಳಿಗೆ ಒಂದು. ಕೇಳಲು ಇದು ಬಹಳ ಸೂಕ್ಷ್ಮ ಅನ್ನಿಸುತ್ತದೆ. ನದಿಗೆ ಮಾತ್ರ ಪೋಸ್ಟ್‌ಕೋಡ್ ಗೊತ್ತಿಲ್ಲ. ಒಂದೇ ರಸ್ತೆಯ ಕೆಳತುದಿಯ ಮೂರು ಮನೆಗಳಿಗೆ ನೀರು ನುಗ್ಗಿದಾಗ, ಅದೇ ರಸ್ತೆಯ ಮೇಲ್ತುದಿಯವರು ಕಿಟಕಿಯಿಂದ ನೋಡುತ್ತಾ ನಿಂತಿರಬಹುದು. ಪೋಸ್ಟ್‌ಕೋಡ್ ಒಂದೇ ಆದ್ದರಿಂದ ಇಬ್ಬರೂ ಒಂದೇ ರೀತಿಯ ಗಿರಾಕಿಗಳಾಗಿ ಕಾಣುತ್ತಾರೆ.

ಇಬ್ಬರ ನಡುವಿನ ವ್ಯತ್ಯಾಸ ಒಂದೇ: ನೆಲದ ಎತ್ತರ. ಹಳೆಯ ಭೂಪಟಗಳಲ್ಲಿ ಎತ್ತರವನ್ನು ತೋರಿಸುವುದು ಸಮೋನ್ನತಿ ರೇಖೆಗಳಿಂದ. ಒಂದು ರೇಖೆಗೂ ಇನ್ನೊಂದಕ್ಕೂ 5 ಅಥವಾ 10 ಮೀಟರ್ ವ್ಯತ್ಯಾಸ. ಆ ಎರಡು ರೇಖೆಗಳ ನಡುವೆಯೇ ಇಡೀ ರಸ್ತೆ ಮುಳುಗಲೂಬಹುದು, ಒಣಗಿರಲೂಬಹುದು. ಮನೆಯೊಳಗೆ ಅರ್ಧ ಮೀಟರ್ ನೀರು ಬಂತೆಂದರೆ ಮೊಳಕಾಲಿನವರೆಗೆ ಬಂದಂತೆ. ಹಾಸಿಗೆ, ಅಕ್ಕಿಹಿಟ್ಟು, ಫ್ರಿಡ್ಜ್, ದಾಖಲೆಪತ್ರ ಎಲ್ಲ ಹೋಗಲು ಅಷ್ಟು ಸಾಕು. ನೆರೆಯ ಲೆಕ್ಕದಲ್ಲಿ ಬೇಕಾದದ್ದು 10 ಮೀಟರಿನ ಅಳತೆಯಲ್ಲ, ಅರ್ಧ ಮೀಟರಿನ ಅಳತೆ.

ರಾಡಾರ್ ಎತ್ತರವನ್ನು ಹೇಗೆ ಅಳೆಯುತ್ತದೆ?

ಬೆಟ್ಟದ ಎದುರು ನಿಂತು ಕೂಗಿದರೆ ಸ್ವಲ್ಪ ಹೊತ್ತಿಗೆ ಪ್ರತಿಧ್ವನಿ ಬರುತ್ತದೆ. ಎಷ್ಟು ಸಮಯದ ಮೇಲೆ ಬಂತು ಎಂದು ನೋಡಿದರೆ ಬೆಟ್ಟ ಎಷ್ಟು ದೂರ ಎಂದು ಹೇಳಬಹುದು. ರಾಡಾರ್ ಕೆಲಸವೂ ಹೀಗೆಯೇ. ಧ್ವನಿಯ ಬದಲು ರೇಡಿಯೋ ಅಲೆಗಳನ್ನು ಕಳಿಸುತ್ತದೆ. ಅವು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಹೋಗಿ, ನೆಲಕ್ಕೆ ಬಡಿದು, ವಾಪಸ್ ಬರುತ್ತವೆ. ಹೋಗಿ ಬಂದ ಸಮಯದಿಂದ ದೂರ ಸಿಗುತ್ತದೆ.

ದೂರ ಮಾತ್ರ ಗೊತ್ತಾದರೆ ಸಾಲದು. ವಿಮಾನದ ರಾಡಾರ್ ನೇರ ಕೆಳಗೆ ನೋಡುವುದಿಲ್ಲ, ಓರೆಯಾಗಿ ಪಕ್ಕಕ್ಕೆ ನೋಡುತ್ತದೆ. ಹತ್ತಿರದ ತಗ್ಗಿನಲ್ಲಿರುವ ಒಂದು ಜಾಗ ಮತ್ತು ಸ್ವಲ್ಪ ಆಚೆ ಗುಡ್ಡದ ಮೇಲಿರುವ ಇನ್ನೊಂದು ಜಾಗ, ಎರಡೂ ವಿಮಾನದಿಂದ ಒಂದೇ ದೂರದಲ್ಲಿರಬಹುದು. ಆಗ ಎರಡರ ಪ್ರತಿಧ್ವನಿಯೂ ಒಂದೇ ಕ್ಷಣದಲ್ಲಿ ಬರುತ್ತದೆ. ಯಾವುದು ತಗ್ಗು, ಯಾವುದು ಗುಡ್ಡ?

ಇದಕ್ಕೆ ಉಪಾಯ ಎರಡನೆಯ ಆಂಟೆನಾ. ನಮಗೆ ಎರಡು ಕಿವಿಗಳಿರುವುದರಿಂದಲೇ ಶಬ್ದ ಯಾವ ಕಡೆಯಿಂದ ಬಂತೆಂದು ಕಣ್ಣು ಮುಚ್ಚಿಕೊಂಡೂ ಹೇಳುತ್ತೇವೆ. ಹಾಗೆಯೇ ವಿಮಾನದಲ್ಲಿ ಸ್ವಲ್ಪ ಅಂತರದಲ್ಲಿ ಎರಡು ಆಂಟೆನಾಗಳನ್ನು ಇಟ್ಟರೆ, ನೆಲದಿಂದ ಮರಳುವ ಒಂದೇ ಅಲೆ ಒಂದಕ್ಕಿಂತ ಇನ್ನೊಂದನ್ನು ತುಸು ತಡವಾಗಿ ಮುಟ್ಟುತ್ತದೆ. ಅಲೆಗೆ ಏರು ಮತ್ತು ಇಳಿತ ಇರುತ್ತವೆ. ಈ ಕೆಲಸಕ್ಕೆ ಬಳಸಿದ ಅಲೆಯ ಉದ್ದ ಸುಮಾರು 3 ಸೆಂಟಿಮೀಟರ್. ಒಂದು ಆಂಟೆನಾದಲ್ಲಿ ಅಲೆ ಏರಿನಲ್ಲಿರುವಾಗ ಇನ್ನೊಂದರಲ್ಲಿ ಎಲ್ಲಿದೆ ಎಂದು ಹೋಲಿಸಿ, ಆ ಸಣ್ಣ ವ್ಯತ್ಯಾಸದಿಂದ ಅಲೆ ಬಂದ ಕೋನವನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ದೂರವೂ ಕೋನವೂ ಸಿಕ್ಕರೆ ಎತ್ತರ ಸಿಕ್ಕಂತೆ. ಇದು ಹತ್ತನೇ ತರಗತಿಯ ತ್ರಿಕೋನಮಿತಿ. ವಿಮಾನ ಆ ಕ್ಷಣದಲ್ಲಿ ಎಲ್ಲಿತ್ತು, ಎಷ್ಟು ವಾಲಿತ್ತು ಎಂಬುದನ್ನು ಜಿಪಿಎಸ್ ಮತ್ತು ಇತರ ಉಪಕರಣಗಳು ದಾಖಲಿಸುತ್ತಿರುತ್ತವೆ. ಅದಿಲ್ಲದಿದ್ದರೆ ಲೆಕ್ಕವೆಲ್ಲ ಹಾಳು.

ಹೀಗೆ ಬ್ರಿಟನ್ನಿನ ನೆಲವನ್ನು 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕಗಳಾಗಿ ಮಾಡಿ, ಪ್ರತಿ ಚೌಕಕ್ಕೂ ಒಂದು ಎತ್ತರ ಬರೆದರು. ಈ ಎತ್ತರಗಳಲ್ಲಿ ಸಾಮಾನ್ಯವಾಗಿ ಇರಬಹುದಾದ ವ್ಯತ್ಯಾಸ ಅರ್ಧ ಮೀಟರ್‌ನಿಂದ ಒಂದು ಮೀಟರ್ ಒಳಗೆ. ಈ ಮಾಹಿತಿಗೆ ನೆಕ್ಸ್ಟ್‌ಮ್ಯಾಪ್ ಬ್ರಿಟನ್ ಎಂದು ಹೆಸರಿಟ್ಟರು.

ರಾಡಾರ್‌ಗೆ ಇನ್ನೊಂದು ಅನುಕೂಲವಿದೆ. ರೇಡಿಯೋ ಅಲೆಗಳು ಮೋಡವನ್ನು ದಾಟಿ ಹೋಗುತ್ತವೆ, ಹಗಲು ಬೆಳಕೂ ಬೇಡ. ಬ್ರಿಟನ್ನಿನಂಥ ಮೋಡದ ದೇಶದಲ್ಲಿ ಇದು ಸಣ್ಣ ವಿಷಯವಲ್ಲ. ಲೈಡಾರ್ ಎಂಬ ಲೇಸರ್ ವಿಧಾನವೂ ಇದೆ. ಅದು ಇದಕ್ಕಿಂತ ಹೆಚ್ಚು ನಿಖರ, ಅಂಗೈ ಅಗಲದ ವ್ಯತ್ಯಾಸವನ್ನೂ ಹಿಡಿಯಬಲ್ಲದು. ಆದರೆ ಲೇಸರ್ ಮೋಡ ದಾಟುವುದಿಲ್ಲ, ವಿಮಾನ ಕೆಳಗೆ ಹಾರಬೇಕು, ಒಂದು ಸಾಲಿನಲ್ಲಿ ಅಳೆಯುವ ಪಟ್ಟಿಯೂ ಕಿರಿದು. ಇಡೀ ದೇಶವನ್ನು ಬೇಗ ಮುಗಿಸಬೇಕಾದರೆ ರಾಡಾರ್, ಒಂದು ಊರಿನ ತಡೆಗೋಡೆ ಕಟ್ಟಬೇಕಾದರೆ ಲೈಡಾರ್. ಯಾವ ಕೆಲಸಕ್ಕೆ ಎಷ್ಟು ಖರ್ಚು ಮಾಡಿದರೆ ಸಾಕು ಎಂಬ ವಾಣಿಜ್ಯದ ಪ್ರಶ್ನೆಯೇ ಇದು.

ಚಾವಣಿ, ಮರ, ಸೇತುವೆ

ರಾಡಾರ್ ಅಲೆ ಮೊದಲು ಯಾವುದಕ್ಕೆ ಬಡಿಯುತ್ತದೋ ಅದರ ಎತ್ತರವನ್ನೇ ಹೇಳುತ್ತದೆ. ಮನೆಯ ಮೇಲೆ ಹೋದರೆ ಚಾವಣಿಯ ಎತ್ತರ, ತೋಪಿನ ಮೇಲೆ ಹೋದರೆ ಮರದ ತುದಿಯ ಎತ್ತರ. ನೀರು ಹರಿಯುವುದು ಚಾವಣಿಯ ಮೇಲಲ್ಲ. ಆದ್ದರಿಂದ ಕಟ್ಟಡ, ಮರಗಳನ್ನು ಲೆಕ್ಕದಿಂದ ಕಳೆದು ಬರಿ ನೆಲದ ನಕ್ಷೆಯನ್ನು ಬೇರೆಯಾಗಿ ತಯಾರಿಸಬೇಕು. ಸುತ್ತಲಿನ ಖಾಲಿ ಜಾಗದ ಎತ್ತರ ನೋಡಿ ನಡುವಿನದನ್ನು ಅಂದಾಜಿಸುತ್ತಾರೆ. ದಟ್ಟ ಕಾಡಿದ್ದರೆ, ಮನೆಗಳು ಒತ್ತೊತ್ತಾಗಿದ್ದರೆ ಈ ಅಂದಾಜು ಕಷ್ಟ.

ಸೇತುವೆಯ ಕತೆ ಇನ್ನೂ ಸ್ವಾರಸ್ಯ. ಮೇಲಿನಿಂದ ನೋಡುವ ರಾಡಾರ್‌ಗೆ ಸೇತುವೆ ಕಾಣುತ್ತದೆ, ಅದರ ಕೆಳಗಿನ ಕಮಾನು ಕಾಣುವುದಿಲ್ಲ. ಹಾಗೇ ಬಿಟ್ಟರೆ ಕಂಪ್ಯೂಟರ್ ಅದನ್ನು ನದಿಗೆ ಅಡ್ಡ ಕಟ್ಟಿದ ಅಣೆಕಟ್ಟು ಎಂದು ತಿಳಿದು, ಮೇಲ್ಗಡೆಯ ಊರನ್ನೆಲ್ಲ ನಕ್ಷೆಯಲ್ಲಿ ಮುಳುಗಿಸಿಬಿಡುತ್ತದೆ. ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ನಿಜವಾಗಿ ನೀರು ತಡೆಯುವ ತೆಳ್ಳಗಿನ ಗೋಡೆ 5 ಮೀಟರ್ ಚೌಕದೊಳಗೆ ಕರಗಿ ಹೋಗಬಹುದು. ಇಂಥವನ್ನು ಸರಿಪಡಿಸಲು ಸ್ಥಳ ಬಲ್ಲವರು ಬೇಕೇ ಬೇಕು.

ಎತ್ತರದಿಂದ ಪ್ರೀಮಿಯಂವರೆಗೆ

ನೆಲದ ನಕ್ಷೆ ಸಿದ್ಧವಾದ ಮೇಲೆ, ನದಿಯಲ್ಲಿ ಇಷ್ಟು ನೀರು ಬಂದರೆ ಯಾವ ಚೌಕಕ್ಕೆ ಎಷ್ಟು ಆಳ ಎಂದು ಕಂಪ್ಯೂಟರಿನಲ್ಲಿ ನೀರು ಹರಿಸಿ ನೋಡುತ್ತಾರೆ. ಎಷ್ಟು ನೀರು ಬರಬಹುದು ಎಂಬುದನ್ನು ಹಿಂದಿನ ವರ್ಷಗಳ ದಾಖಲೆಗಳಿಂದ ಅಂದಾಜಿಸುತ್ತಾರೆ. ಇಲ್ಲಿ '100 ವರ್ಷಕ್ಕೊಮ್ಮೆ ಬರುವ ಪ್ರವಾಹ' ಎಂಬ ಮಾತು ಬರುತ್ತದೆ. ಒಮ್ಮೆ ಬಂದರೆ ಇನ್ನು 99 ವರ್ಷ ನಿಶ್ಚಿಂತೆ ಎಂದು ಬಹಳ ಜನ ಭಾವಿಸುತ್ತಾರೆ. ಅದರ ಅರ್ಥ ಹಾಗಲ್ಲ. ಪ್ರತಿ ವರ್ಷವೂ ಅಂಥ ಪ್ರವಾಹ ಬರುವ ಸಾಧ್ಯತೆ ಶೇ. 1 ಎಂದರ್ಥ. 30 ವರ್ಷದ ಮನೆ ಸಾಲ ತೀರುವುದರೊಳಗೆ ಒಮ್ಮೆಯಾದರೂ ಬರುವ ಸಾಧ್ಯತೆ ಎಷ್ಟು? 0.99ನ್ನು 30 ಬಾರಿ ಗುಣಿಸಿ, 1ರಿಂದ ಕಳೆಯಿರಿ. ಸುಮಾರು ಶೇ. 26 ಬರುತ್ತದೆ, ಅಂದರೆ ನಾಲ್ಕರಲ್ಲಿ ಒಂದು.

ಈಗ ಒಂದು ಕಲ್ಪಿತ ಲೆಕ್ಕ ಮಾಡೋಣ. ಅರ್ಥವಾಗಲೆಂದು ರೂಪಾಯಿಯಲ್ಲೇ ಹಾಕಿದ್ದೇನೆ. ಒಂದು ರಸ್ತೆಯಲ್ಲಿ 15 ಮನೆಗಳಿವೆ. ನೀರು ನುಗ್ಗಿದರೆ ಪ್ರತಿ ಮನೆಗೂ 5 ಲಕ್ಷ ರೂಪಾಯಿ ನಷ್ಟ. ಕೆಳತುದಿಯ 3 ಮನೆಗಳಿಗೆ ವರ್ಷಕ್ಕೆ ಶೇ. 2 ಅಪಾಯ. ಮೇಲಿನ 12 ಮನೆಗಳಿಗೆ ಶೇ. 0.1 ಮಾತ್ರ.

ಕೆಳಗಿನ ಪ್ರತಿ ಮನೆಯ ಸರಾಸರಿ ವಾರ್ಷಿಕ ನಷ್ಟ: 10,000 ರೂಪಾಯಿ. ಮೂರಕ್ಕೆ 30,000.
ಮೇಲಿನ ಪ್ರತಿ ಮನೆಯದು: 500 ರೂಪಾಯಿ. ಹನ್ನೆರಡಕ್ಕೆ 6,000.
ಒಟ್ಟು 36,000. ಅದನ್ನು 15 ಮನೆಗಳಿಗೆ ಸಮನಾಗಿ ಹಂಚಿದರೆ ತಲಾ 2,400 ರೂಪಾಯಿ.

ಎತ್ತರ ಗೊತ್ತಿಲ್ಲದಿದ್ದಾಗ ಎಲ್ಲರೂ 2,400 ಕಟ್ಟುತ್ತಿದ್ದರು. ಎತ್ತರ ಗೊತ್ತಾದ ಮೇಲೆ ಮೇಲಿನವರು 500 ಕಟ್ಟಿದರೆ ಸಾಕು, ಕೆಳಗಿನವರು 10,000 ಕಟ್ಟಬೇಕು. ಮೇಲಿನ 12 ಮನೆಗಳಿಗೆ ತಲಾ 1,900ರಂತೆ ಒಟ್ಟು 22,800 ರೂಪಾಯಿ ಉಳಿತಾಯ. ಕೆಳಗಿನ 3 ಮನೆಗಳಿಗೆ ತಲಾ 7,600ರಂತೆ ಒಟ್ಟು 22,800 ರೂಪಾಯಿ ಹೆಚ್ಚುವರಿ ಹೊರೆ. ಒಂದು ಕಡೆ ಜಮೆ, ಇನ್ನೊಂದು ಕಡೆ ಖರ್ಚು, ಮೊತ್ತ ಮಾತ್ರ ಒಂದೇ.

ಇದನ್ನು ನೋಡಿದಾಗ ನನಗೆ ಮುಖ್ಯವಾಗಿ ಕಂಡದ್ದು ಇಷ್ಟು. ನಕ್ಷೆಯಿಂದ ನೆರೆಯ ನೀರು ಒಂದು ಇಂಚೂ ಕಡಿಮೆಯಾಗಲಿಲ್ಲ. ಹೊರೆ ಮಾತ್ರ ಹಲವರ ಹೆಗಲಿನಿಂದ ಕೆಲವರ ಹೆಗಲಿಗೆ ಹೋಯಿತು. ಮೇಲಿನವರು 'ನಾವೇಕೆ ಬೇರೆಯವರ ಅಪಾಯಕ್ಕೆ ಕಟ್ಟಬೇಕು' ಎಂದರೆ ಅದು ನ್ಯಾಯವೇ. ಕೆಳಗಿನವರಲ್ಲಿ ಬೇರೆ ಕಡೆ ಮನೆ ಕೊಳ್ಳಲು ಹಣವಿಲ್ಲದೆ ಅಲ್ಲೇ ಉಳಿದ ಬಡ ಕುಟುಂಬ ಇದ್ದರೆ? ಅವರಿಗೆ ವಿಮೆ ಕೈಗೆಟುಕದು, ವಿಮೆ ಇಲ್ಲದ ಮನೆಗೆ ಸಾಲ ಸಿಗದು, ಸಾಲ ಸಿಗದ ಮನೆಯನ್ನು ಕೊಳ್ಳುವವರೂ ಇಲ್ಲ. ಅಪಾಯವನ್ನು ತೀರಾ ನಿಖರವಾಗಿ ಬಿಡಿಸಿಬಿಟ್ಟರೆ 'ಹಲವರು ಹಂಚಿಕೊಳ್ಳುವುದು' ಎಂಬ ವಿಮೆಯ ಮೊದಲ ಮಾತೇ ಸಡಿಲವಾಗುತ್ತದೆ.

ಮತ್ತೆ ಹಂಚಿಕೊಳ್ಳುವ ದಾರಿ

ಬ್ರಿಟನ್ ಇದಕ್ಕೆ ಕಂಡುಕೊಂಡ ಉತ್ತರ ಫ್ಲಡ್ ರೀ. 2016ರ ಏಪ್ರಿಲ್‌ನಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ, ಮನೆ ವಿಮೆ ಮಾರುವ ಕಂಪನಿಗಳೆಲ್ಲ ಸೇರಿ ಒಂದು ನಿಧಿಗೆ ಹಣ ಕಟ್ಟಬೇಕು. ಆರಂಭದಲ್ಲಿ ಅದು ವರ್ಷಕ್ಕೆ 18 ಕೋಟಿ ಪೌಂಡ್. ಹೆಚ್ಚು ಅಪಾಯದ ಮನೆಗಳ ಪ್ರವಾಹದ ಭಾಗವನ್ನು ಕಂಪನಿಗಳು ಈ ನಿಧಿಗೆ ವರ್ಗಾಯಿಸಬಹುದು. ಆ ಮನೆಯವರು ಪಾವತಿಸಬಹುದಾದ ದರದಲ್ಲಿ ವಿಮೆ ಪಡೆಯುತ್ತಾರೆ. ಎತ್ತರದಲ್ಲಿರುವವರು ತಮ್ಮ ಪ್ರೀಮಿಯಂ ಮೂಲಕ ತಗ್ಗಿನವರಿಗೆ ಸ್ವಲ್ಪ ಕೊಟ್ಟಂತಾಯಿತು.

ಒಂದು ಕಟ್ಟುನಿಟ್ಟಿನ ಷರತ್ತೂ ಇದೆ. 2009ರ ಜನವರಿ 1ರ ನಂತರ ಕಟ್ಟಿದ ಮನೆಗಳಿಗೆ ಇದು ಸಿಗದು. ನಕ್ಷೆಗಳು ಬಂದ ಮೇಲೂ ತಗ್ಗಿನಲ್ಲಿ ಮನೆ ಕಟ್ಟಿ ಮಾರುವವರಿಗೆ ಬೇರೆಯವರ ಹಣದಿಂದ ಧೈರ್ಯ ತುಂಬಬಾರದು ಎಂಬುದು ಉದ್ದೇಶ. ಈ ವ್ಯವಸ್ಥೆ 2039ರವರೆಗೆ ಮಾತ್ರ. ಅಷ್ಟರೊಳಗೆ ದೇಶ ತನ್ನ ಮನೆಗಳನ್ನು ನೆರೆಗೆ ಸಜ್ಜುಗೊಳಿಸಬೇಕು ಎಂದು ಗಡುವು ಇಟ್ಟಿದ್ದಾರೆ.

ನಮ್ಮ ಮನೆಯ ಉರ್ದುವಿನಲ್ಲಿ ಪ್ರವಾಹಕ್ಕೆ ಸೈಲಾಬ್ ಎನ್ನುತ್ತೇವೆ. ಕನ್ನಡದಲ್ಲಿ ನೆರೆ ಎಂದರೆ ಪ್ರವಾಹವೂ ಹೌದು, ನೆರೆಹೊರೆಯೂ ಹೌದು. ಈ ವಿಷಯ ಓದುವಾಗ ಆ ಪದ ಬಹಳ ಸರಿಯಾಗಿದೆ ಅನ್ನಿಸಿತು.

ನಕ್ಷೆ ಕೈಯಲ್ಲಿದ್ದರೆ ಸಾಕೇ?

ಹೊರೆಯನ್ನು ವರ್ಗಾಯಿಸುವುದಕ್ಕಷ್ಟೇ ಅಲ್ಲ, ನಷ್ಟವನ್ನೇ ಕಡಿಮೆ ಮಾಡಲೂ ಎತ್ತರದ ನಕ್ಷೆ ಬಳಕೆಯಾಗಬೇಕು. ಆಸ್ಪತ್ರೆ ಎಲ್ಲಿರಬೇಕು, ಯಾವ ರಸ್ತೆ ಮೊದಲು ಮುಳುಗುತ್ತದೆ, ಜನರನ್ನು ಯಾವ ದಾರಿಯಲ್ಲಿ ಸಾಗಿಸಬೇಕು ಎಂಬುದನ್ನು ಮಳೆಗಾಲಕ್ಕೆ ಮೊದಲೇ ಹೇಳಬಹುದು.

2007ರ ಬೇಸಿಗೆಯಲ್ಲಿ ಇಂಗ್ಲೆಂಡ್‌ಗೆ ಮತ್ತೆ ದೊಡ್ಡ ನೆರೆ ಬಂತು. ಸುಮಾರು 55,000 ಮನೆ, ಕಟ್ಟಡಗಳಿಗೆ ನೀರು ನುಗ್ಗಿತು. ಗ್ಲೌಸ್ಟರ್‌ಶೈರ್‌ನಲ್ಲಿ ಮೈತ್ ಎಂಬ ಕುಡಿಯುವ ನೀರಿನ ಶುದ್ಧೀಕರಣ ಘಟಕವೇ ಮುಳುಗಿತು. ಸುತ್ತ ನೀರೋ ನೀರು, ಆದರೂ ಸುಮಾರು ಮೂರೂವರೆ ಲಕ್ಷ ಜನರ ನಲ್ಲಿಯಲ್ಲಿ ನೀರಿಲ್ಲ. ಕೆಲವರಿಗೆ ಇದು 17 ದಿನಗಳವರೆಗೆ ನಡೆಯಿತು. ಅದೇ ಜಿಲ್ಲೆಯ ವಾಲ್‌ಹ್ಯಾಮ್ ವಿದ್ಯುತ್ ಉಪಕೇಂದ್ರವನ್ನು ತಾತ್ಕಾಲಿಕ ತಡೆಗೋಡೆ ಹಾಕಿ, ಪಂಪ್ ಮಾಡಿ ಹೇಗೋ ಉಳಿಸಿಕೊಂಡರು. ಎತ್ತರ ಅಳೆದು ಆಗಿತ್ತು, ಆ ಎತ್ತರವನ್ನು ನೋಡಿ ಘಟಕಕ್ಕೆ ರಕ್ಷಣೆ ಕೊಡುವ ಕೆಲಸ ಬಾಕಿ ಇತ್ತು. ಇನ್ನೊಂದು ಸಂಗತಿ, ಆ ವರ್ಷ ನೀರು ನುಗ್ಗಿದ ಮನೆಗಳಲ್ಲಿ ಸುಮಾರು ಮೂರನೇ ಎರಡು ಭಾಗಕ್ಕೆ ನೀರು ಬಂದದ್ದು ನದಿಯಿಂದಲ್ಲ. ಮಳೆ ನೀರು ಚರಂಡಿಯಲ್ಲಿ ಹಿಡಿಸದೆ ರಸ್ತೆಯ ಮೇಲೆ ಹರಿದು ಬಂದದ್ದು. ನದಿಯನ್ನೇ ನೋಡುತ್ತಿದ್ದ ನಕ್ಷೆಗಳಲ್ಲಿ ಅದು ಇರಲಿಲ್ಲ.

ನಿಖರತೆಯ ಮಿತಿಯನ್ನೂ ಮರೆಯಬಾರದು. ನಕ್ಷೆಯ ಎತ್ತರವೇ ಅರ್ಧ ಮೀಟರ್ ಹೆಚ್ಚು ಕಡಿಮೆ ಇರಬಹುದಾದಾಗ, ನೀರಿನ ಮಟ್ಟಕ್ಕಿಂತ 20 ಸೆಂಟಿಮೀಟರ್ ಮೇಲಿರುವ ಮನೆ ಸುರಕ್ಷಿತ ಎಂದು ಯಾರೂ ಖಚಿತವಾಗಿ ಹೇಳಲಾಗದು. ಹೊಸ್ತಿಲ ಎತ್ತರವನ್ನು ಸ್ಥಳಕ್ಕೆ ಹೋಗಿಯೇ ಅಳೆಯಬೇಕು.

ಕೃಷ್ಣಾ ತೀರದ ಪ್ರಶ್ನೆ

ಎತ್ತರದ ಲೆಕ್ಕ ಕರ್ನಾಟಕಕ್ಕೆ ಹೊಸದಲ್ಲ. ಆಲಮಟ್ಟಿ ಜಲಾಶಯದ ಮಟ್ಟ 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರುವ ವಿಷಯವನ್ನು ಪತ್ರಿಕೆಗಳಲ್ಲಿ ನಾವೆಲ್ಲ ಓದಿದ್ದೇವೆ. ಎಷ್ಟು ಜನರ ಮನೆ, ಹೊಲ ಹೋಗುತ್ತದೆ ಎಂಬುದು ಆ ಮೀಟರುಗಳ ಮೇಲೆಯೇ ನಿಂತಿದೆ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಆಸರೆ ಯೋಜನೆಯಡಿ ಊರುಗಳಿಗೆ ಹೊಸ ಮನೆಗಳನ್ನು ಕಟ್ಟಿದರು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳನ್ನು ಮತ್ತೆ ಮುಳುಗಿಸಿದವು.

ಎಲ್ಲರಿಗೂ ಉಚಿತವಾಗಿ ಸಿಗುವ ಒಂದು ಎತ್ತರದ ನಕ್ಷೆ ನಮ್ಮ ನೆಲಕ್ಕೂ ಇದೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನಗಳ ಯಾನದಲ್ಲಿ, ಇದೇ ಎರಡು ಆಂಟೆನಾ ತತ್ವದಿಂದ ಭೂಮಿಯ ಹೆಚ್ಚಿನ ಭಾಗವನ್ನು ಅಳೆಯಿತು. ಎರಡನೆಯ ಆಂಟೆನಾ 60 ಮೀಟರ್ ಉದ್ದದ ತೋಳಿನ ತುದಿಯಲ್ಲಿತ್ತು. ಅದರ ಒಂದು ಚೌಕ 30 ಮೀಟರ್. ನಾವು ಥರ್ಟಿ ಫಾರ್ಟಿ ಸೈಟ್ ಎನ್ನುತ್ತೇವಲ್ಲ, ಅಂಥ ಎಂಟು ಸೈಟುಗಳಿಗೆ ಒಂದೇ ಎತ್ತರ. 5 ಮೀಟರ್ ಚೌಕದಲ್ಲಾದರೆ ಒಂದೇ ಸೈಟಿಗೆ ನಾಲ್ಕು ಎತ್ತರಗಳು ಸಿಗುತ್ತವೆ. ನದಿಯ ಇಡೀ ಕಣಿವೆಯನ್ನು ನೋಡಲು 30 ಮೀಟರ್ ಸಾಕು, ಒಂದು ಓಣಿಯ ಗತಿ ಹೇಳಲು ಸಾಲದು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ರಾಡಾರ್ ಉಪಗ್ರಹಗಳಿಂದ ನೆರೆಯ ನಕ್ಷೆ ಮಾಡುತ್ತದೆ. ನೀರು ಈಗ ಎಲ್ಲಿ ನಿಂತಿದೆ ಎಂದು ಅದು ಮೋಡದ ನಡುವೆಯೂ ತೋರಿಸುತ್ತದೆ. ಮುಂದೆ ಎಲ್ಲಿ ನಿಲ್ಲಲಿದೆ ಎಂದು ಹೇಳಲು ಸೂಕ್ಷ್ಮವಾದ ಎತ್ತರದ ಅಳತೆ ಬೇಕು.

ಅಂಥ ಅಳತೆ ಬಂದಾಗ ಅದನ್ನು ಪರೀಕ್ಷಿಸಲು ನಮ್ಮಂಥವರೂ ನೆರವಾಗಬಹುದು. ಹಿಂದಿನ ನೆರೆಯ ನೀರು ಗೋಡೆಗಳ ಮೇಲೆ ಎಲ್ಲಿಯವರೆಗೆ ಬಂದಿತ್ತು ಎಂಬ ಗುರುತು ಇಂಜಿನಿಯರುಗಳಿಗೆ ಬಹಳ ಬೆಲೆಯುಳ್ಳ ಮಾಹಿತಿ. ಕಂಪ್ಯೂಟರ್ ತೋರಿಸಿದ ಆಳ ನಿಜವೋ ಅಲ್ಲವೋ ಎಂದು ಅದರಿಂದಲೇ ತಾಳೆ ನೋಡುತ್ತಾರೆ. ನದಿ ತೀರದ ಊರುಗಳಿಂದ ನಮ್ಮ ಕಾಲೇಜಿಗೆ ಬರುವ ಗೆಳೆಯ ಗೆಳತಿಯರು ಈ ರಜೆಯಲ್ಲಿ ಶಾಲೆ, ಮಸೀದಿ, ದೇವಸ್ಥಾನ, ಅಂಗಡಿಗಳ ಗೋಡೆಗಳನ್ನು ನೋಡಿ, ಹಿರಿಯರನ್ನು ಕೇಳಿ, ನೆಲದಿಂದ ಗುರುತಿನವರೆಗಿನ ಎತ್ತರವನ್ನು ಟೇಪಿನಲ್ಲಿ ಅಳೆದು, ಯಾವ ವರ್ಷದ್ದು ಎಂದು ಸೇರಿಸಿ ಬರೆದು ತನ್ನಿ. ಸುಣ್ಣ ಬಳಿದರೆ ಆ ಗುರುತು ಹೋಗುತ್ತದೆ, ಬರೆದಿಟ್ಟರೆ ಉಳಿಯುತ್ತದೆ.